ಒಂದರಿಂದ ಐದು: ಸಮೀಕ್ಷೆಯ ಅಂಕಗಳನ್ನು ಲೆಕ್ಕ ಹಾಕುವ ಕ್ರಮ

ಕನಕಪುರ ರಸ್ತೆಯ ಪಕ್ಕದ ನಮ್ಮ ಬಡಾವಣೆಯಲ್ಲಿ ನೀರಿನ ಬಗ್ಗೆ ಮನೆಮನೆಯ ಅಭಿಪ್ರಾಯ ಕೇಳಬೇಕೆಂದು ನಿವಾಸಿಗಳ ಸಂಘ ತೀರ್ಮಾನಿಸಿದಾಗ ಪ್ರಶ್ನೆಗಳು ಒಂದೇ ಸಂಜೆಯಲ್ಲಿ ಸಿದ್ಧವಾದವು. ತುಂಬಿದ ಹಾಳೆಗಳು ಮೇಜಿನ ಮೇಲೆ ಬಂದು ಬಿದ್ದ ಮೇಲೆ ಮುಂದೇನು ಎಂಬುದು ಮಾತ್ರ ಯಾರಿಗೂ ಹೊಳೆಯಲಿಲ್ಲ. ಸಭೆಯಲ್ಲಿ ಎಲ್ಲರೂ ಕೇಳಿದ್ದು ಒಂದೇ ಮಾತು: "ಸರಾಸರಿ ಎಷ್ಟು ಬಂತು?" ಮೂರು ಬಂದಿತ್ತು. ಐದಕ್ಕೆ ಮೂರು ಎಂದರೆ ನೀರು ಸುಮಾರಾಗಿ ಬರುತ್ತಿದೆ ಎಂದು ಬರೆದು ಮುಗಿಸುವುದರಲ್ಲಿದ್ದೆವು. ಆ ಮೂರು ನಮ್ಮಲ್ಲಿ ಬಹುತೇಕ ಯಾವ ಮನೆಯ ನಲ್ಲಿಯ ಸ್ಥಿತಿಯನ್ನೂ ಹೇಳುತ್ತಿರಲಿಲ್ಲ.

ಅಂದಿನಿಂದ ಇಂಥ ಸಮೀಕ್ಷೆ ಮಾಡುವವರು ಯಾರೇ ಕೇಳಿದರೂ ನಾನು ಮೊದಲು ಹೇಳುವುದು ಇಷ್ಟು: ಸರಾಸರಿ ತೆಗೆಯುವ ಮೊದಲು ಎಣಿಸಿ. ಯಾವ ಅಂಕಕ್ಕೆ ಎಷ್ಟು ಮನೆ ಎಂದು ಕಣ್ಣಾರೆ ನೋಡಿ. ಉಳಿದ ಕ್ರಮವನ್ನು ಕೆಳಗೆ ಬರೆದಿದ್ದೇನೆ. ಉದಾಹರಣೆಗಳಲ್ಲಿರುವ ಅಂಕಿಗಳನ್ನು ಲೆಕ್ಕ ಸುಲಭವಾಗಲೆಂದು ನಾನೇ ಹೊಂದಿಸಿಕೊಂಡಿದ್ದೇನೆ. ಕಾಗದ, ಪೆನ್ನು ಹಿಡಿದು ನೀವೂ ಮಾಡಿ ನೋಡಬಹುದು.

ಅಂಕ ಎಂದರೆ ಅನುಕ್ರಮ

"ಖಂಡಿತ ಒಪ್ಪುವುದಿಲ್ಲ" ಎಂಬಲ್ಲಿಂದ "ಖಂಡಿತ ಒಪ್ಪುತ್ತೇನೆ" ಎಂಬಲ್ಲಿಯವರೆಗೆ ಐದು ಮೆಟ್ಟಿಲು ಇಟ್ಟು ಅಭಿಪ್ರಾಯ ಅಳೆಯುವ ಪದ್ಧತಿ ಅಮೆರಿಕದ ರೆನ್ಸಿಸ್ ಲಿಕರ್ಟ್ 1932ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಜನಪ್ರಿಯವಾಯಿತು. ಅವರ ಹೆಸರಿನಲ್ಲೇ ಅದನ್ನು ಲಿಕರ್ಟ್ ಮಾಪಕ ಎನ್ನುತ್ತಾರೆ. ಒಂದು ವಿಷಯದ ಬಗ್ಗೆ ಹಲವು ಹೇಳಿಕೆಗಳನ್ನು ಕೊಟ್ಟು, ಅವುಗಳ ಅಂಕಗಳನ್ನು ಕೂಡಿ ಬಂದ ಮೊತ್ತವನ್ನು ಲಿಕರ್ಟ್ ಬಳಸಿದ್ದರು. ಈಗ ನಾವು ಒಂದೇ ಒಂದು ಪ್ರಶ್ನೆ ಕೇಳಿ ಅದನ್ನೂ ಲಿಕರ್ಟ್ ಮಾಪಕ ಎಂದೇ ಕರೆಯುತ್ತೇವೆ. ಈ ಎರಡರ ವ್ಯತ್ಯಾಸ ಮುಂದೆ ಬೇಕಾಗುತ್ತದೆ, ನೆನಪಿರಲಿ.

1946ರಲ್ಲಿ ಅಮೆರಿಕದ ಮನೋವಿಜ್ಞಾನಿ ಎಸ್.ಎಸ್. ಸ್ಟೀವನ್ಸ್ ಅಳತೆಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು: ಬರೀ ಹೆಸರು, ಅನುಕ್ರಮ, ಸಮಾನ ಅಂತರ, ಅನುಪಾತ. ನಮ್ಮ ಐದು ಮೆಟ್ಟಿಲುಗಳು ಎರಡನೆಯ ಬಗೆಗೆ ಸೇರಿದವು. ಮೆಟ್ರೊ ಹಸಿರು ಮಾರ್ಗದಲ್ಲಿ ಬನಶಂಕರಿ ಆದ ಮೇಲೆ ಜೆ.ಪಿ. ನಗರ, ಆಮೇಲೆ ಯಲಚೇನಹಳ್ಳಿ ಎಂಬ ಅನುಕ್ರಮ ನಮಗೆ ಗೊತ್ತು. ಹಾಗೆಂದು ಪ್ರತಿ ಎರಡು ನಿಲ್ದಾಣಗಳ ನಡುವಿನ ದೂರ ಒಂದೇ ಎಂದು ಹೇಳಲಾಗುವುದಿಲ್ಲ. ಹಾಗೆಯೇ, ಎರಡರಿಂದ ಮೂರಕ್ಕೆ ಬಂದ ಮನೆಯವರ ಸಮಾಧಾನವೂ ನಾಲ್ಕರಿಂದ ಐದಕ್ಕೆ ಹೋದವರ ಸಮಾಧಾನವೂ ಸಮ ಎನ್ನಲು ಆಧಾರವಿಲ್ಲ.

ಮೊದಲ ಕೆಲಸ: ಮಾತು ಆರಿಸುವುದು

ಲೆಕ್ಕದ ಲೇಖನದಲ್ಲಿ ಮಾತಿನ ವಿಚಾರ ಏಕೆ ಎಂದು ಕೇಳಬೇಡಿ. ಇಲ್ಲಿ ತಪ್ಪಿದರೆ ಮುಂದಿನ ಯಾವ ಲೆಕ್ಕವೂ ಅದನ್ನು ಸರಿಪಡಿಸುವುದಿಲ್ಲ.

ನಮ್ಮ ಮೊದಲ ಹಾಳೆಯಲ್ಲಿ ನಡುವಿನ ಮೆಟ್ಟಿಲಿಗೆ "ಪರವಾಗಿಲ್ಲ" ಎಂದು ಬರೆದಿದ್ದೆವು. ಎರಡನೇ ಅಡ್ಡರಸ್ತೆಯ ಒಬ್ಬ ಅಜ್ಜಿ ಅದಕ್ಕೆ ಗುರುತು ಹಾಕಿದರು. ಯಾಕಮ್ಮ ಎಂದು ಕೇಳಿದೆ. "ಚೆನ್ನಾಗಿಯೇ ಬರುತ್ತದಪ್ಪ, ಪರವಾಗಿಲ್ಲ" ಎಂದರು. ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದ ಹುಡುಗನೂ ಅದಕ್ಕೇ ಗುರುತು ಹಾಕಿದ್ದ. ಅವನ ಅರ್ಥ ಬೇರೆ: "ಏನು ಮಾಡುವುದು ಸಾರ್, ಹೇಗೋ ನಡೆಯುತ್ತದೆ, ಪರವಾಗಿಲ್ಲ." ಒಬ್ಬರದು ನಾಲ್ಕು, ಇನ್ನೊಬ್ಬರದು ಎರಡು, ಹಾಳೆಯಲ್ಲಿ ಎರಡೂ ಮೂರು. ಕನ್ನಡದ "ಪರವಾಗಿಲ್ಲ" ಮೆಚ್ಚುಗೆಯೂ ಹೌದು, ಸಹನೆಯೂ ಹೌದು. ನಡುವಿನ ಮೆಟ್ಟಿಲಿಗೆ ಅದನ್ನು ಎಂದೂ ಬಳಸಬೇಡಿ. "ಒಪ್ಪುತ್ತೇನೆ ಎಂದೂ ಇಲ್ಲ, ಒಪ್ಪುವುದಿಲ್ಲ ಎಂದೂ ಇಲ್ಲ" ಎನ್ನುವುದು ಉದ್ದವಾದರೂ ಗೊಂದಲವಿಲ್ಲದ ಮಾತು. "ಗೊತ್ತಿಲ್ಲ" ಎಂಬುದಕ್ಕೆ ಐದರಿಂದ ಆಚೆ ಬೇರೆಯೇ ಜಾಗ ಕೊಡಿ.

ಪ್ರಶ್ನೆಗಳನ್ನು ಎಲ್ಲೆಡೆ ಹಂಚುವ ಮೊದಲು ಹತ್ತು ಮನೆಗಳಲ್ಲಿ ಕೇಳಿ ನೋಡಿದ್ದರೆ ಇದು ಅಲ್ಲೇ ಗೊತ್ತಾಗುತ್ತಿತ್ತು. ಭಾರತೀಯ ಸಾಂಖ್ಯಿಕ ಸಂಸ್ಥೆಯನ್ನು ಕಟ್ಟಿದ ಪಿ.ಸಿ. ಮಹಾಲನೋಬಿಸ್ ಬಂಗಾಳದ ಸೆಣಬಿನ ಬೆಳೆಯ ಸಮೀಕ್ಷೆಗಳಲ್ಲಿ ಇಂಥ ಪೂರ್ವಭಾವಿ ಸಮೀಕ್ಷೆಗೆ ದೊಡ್ಡ ಸ್ಥಾನ ಕೊಟ್ಟಿದ್ದರು. ಅವರ ಇನ್ನೊಂದು ಉಪಾಯ ನಮ್ಮಂಥವರಿಗೆ ಇನ್ನೂ ಹೆಚ್ಚು ಉಪಯುಕ್ತ. ಮನೆಗಳನ್ನು ಚೀಟಿ ಎತ್ತಿ ಎರಡು ಪಾಲು ಮಾಡಿ ಇಬ್ಬರು ಕಾರ್ಯಕರ್ತರಿಗೆ ಹಂಚಿ. ಎರಡೂ ಪಾಲಿನ ಫಲಿತಾಂಶ ಹೆಚ್ಚುಕಡಿಮೆ ಒಂದೇ ಇರಬೇಕು. ತುಂಬ ಬೇರೆಯಾಗಿದ್ದರೆ ಆ ವ್ಯತ್ಯಾಸ ಮನೆಗಳದ್ದಲ್ಲ, ಕೇಳಿದವರದ್ದು. ಸಂಘದ ಪದಾಧಿಕಾರಿಯೇ ಬಾಗಿಲಲ್ಲಿ ನಿಂತು ಸಂಘದ ಕೆಲಸ ಹೇಗಿದೆ ಎಂದು ಕೇಳಿದರೆ, ಕಾಫಿ ಕೊಟ್ಟು ಕೂರಿಸುವ ಮನೆಯಲ್ಲಿ ಯಾರೂ ಒಂದು ಅಂಕ ಕೊಡುವುದಿಲ್ಲ.

ಎರಡನೆಯದು: ಹಾಳೆಯಿಂದ ಕೋಷ್ಟಕಕ್ಕೆ

ಒಂದು ಮನೆಗೆ ಒಂದು ಸಾಲು, ಒಂದು ಪ್ರಶ್ನೆಗೆ ಒಂದು ಕಂಬಸಾಲು. ಗೂಗಲ್ ಶೀಟ್ಸ್ ಆಗಲಿ ಲಿಬ್ರೆ ಆಫೀಸ್ ಆಗಲಿ, ಸಾಕು. ಯಾವ ಅಂಕಕ್ಕೆ ಯಾವ ಮಾತು ಎಂಬುದನ್ನು ಅದೇ ಕಡತದ ಬೇರೊಂದು ಪುಟದಲ್ಲಿ ಬರೆದಿಡಿ. ಆರು ತಿಂಗಳ ನಂತರ ಐದು ಒಳ್ಳೆಯದೋ ಕೆಟ್ಟದ್ದೋ ಎಂದು ನಿಮಗೇ ಮರೆತಿರುತ್ತದೆ.

ಉತ್ತರವಿಲ್ಲದ ಕಡೆ ಖಾಲಿ ಬಿಡಿ, ಸೊನ್ನೆ ಹಾಕಬೇಡಿ. ನಾವು ಹಾಕಿದ್ದೆವು. ಅದರ ಪರಿಣಾಮ ಹೀಗೆ: 40 ಮನೆಗಳಲ್ಲಿ 34 ಮನೆಯವರು ಉತ್ತರಿಸಿದ್ದಾರೆ, ಅವರ ಅಂಕಗಳ ಮೊತ್ತ 119 ಎಂದುಕೊಳ್ಳಿ. ಸರಾಸರಿ 3.5. ಉತ್ತರಿಸದ ಆರು ಮನೆಗೆ ಸೊನ್ನೆ ಹಾಕಿದರೆ ಅದೇ 119ನ್ನು 40ರಿಂದ ಭಾಗಿಸಬೇಕಾಗುತ್ತದೆ, ಸರಾಸರಿ 2.98ಕ್ಕೆ ಬೀಳುತ್ತದೆ. ಇಲ್ಲದ ಅಸಮಾಧಾನವನ್ನು ನಾವೇ ಹುಟ್ಟಿಸಿದಂತಾಯಿತು. "ಗೊತ್ತಿಲ್ಲ" ಎಂದವರನ್ನು ಮೂರಕ್ಕೆ ಸೇರಿಸುವುದೂ ಇದೇ ಬಗೆಯ ತಪ್ಪು.

ಕೆಲವು ಹೇಳಿಕೆಗಳು ಉಲ್ಟಾ ಇರುತ್ತವೆ. "ಬೇಕಾದಷ್ಟು ನೀರು ಬರುತ್ತದೆ" ಎಂಬುದಕ್ಕೆ ಐದು ಒಳ್ಳೆಯದು. "ತಿಂಗಳಲ್ಲಿ ಹಲವು ಬಾರಿ ಟ್ಯಾಂಕರ್ ತರಿಸಬೇಕಾಗುತ್ತದೆ" ಎಂಬುದಕ್ಕೆ ಐದು ಕೆಟ್ಟದ್ದು. ಎರಡನೆಯ ಬಗೆಯ ಅಂಕವನ್ನು ಆರರಿಂದ ಕಳೆದು ಹೊಸ ಕಂಬಸಾಲಿನಲ್ಲಿ ಬರೆಯಿರಿ: ಐದು ಒಂದಾಗುತ್ತದೆ, ನಾಲ್ಕು ಎರಡಾಗುತ್ತದೆ, ಮೂರು ಮೂರೇ. ತಿರುಗಿಸುವ ಮೊದಲು ಒಮ್ಮೆ ಕಣ್ಣಾಡಿಸಿದರೆ, ಮೇಲಿನಿಂದ ಕೆಳಗಿನವರೆಗೆ ಓದದೆ ಐದಕ್ಕೇ ಗುರುತು ಹಾಕಿಕೊಂಡು ಹೋದ ಹಾಳೆಗಳು ಸಿಕ್ಕಿಬೀಳುತ್ತವೆ. ಬೇಕಾದಷ್ಟು ನೀರೂ ಬರುತ್ತದೆ, ಟ್ಯಾಂಕರೂ ಬೇಕು ಎಂದು ಎರಡನ್ನೂ ಖಂಡಿತ ಒಪ್ಪಿದವರ ಮನೆಗೆ ಇನ್ನೊಮ್ಮೆ ಹೋಗಿ ಬನ್ನಿ.

ಮೂರನೆಯದು: ಎಣಿಕೆ

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಕೂರಬೇಕಾದದ್ದು ಇಲ್ಲಿ. ಬಡಾವಣೆಯ ಮೊದಲ ಹಂತದಲ್ಲಿ 40, ಎರಡನೇ ಹಂತದಲ್ಲಿ 40 ಮನೆಗಳನ್ನು ಕೇಳಿದ್ದೇವೆ ಎಂದುಕೊಳ್ಳಿ. ಹೇಳಿಕೆ: "ನಮ್ಮ ಮನೆಗೆ ಬೇಕಾದಷ್ಟು ನೀರು ಬರುತ್ತದೆ." ಅಂಕ ಒಂದರಿಂದ ಐದರವರೆಗೆ ಕ್ರಮವಾಗಿ ಬಂದ ಮನೆಗಳ ಸಂಖ್ಯೆ:

ಮೊದಲ ಹಂತ: 2, 8, 20, 8, 2
ಎರಡನೇ ಹಂತ: 16, 3, 2, 3, 16

ಎರಡಕ್ಕೂ ಮೊತ್ತ 120, ಸರಾಸರಿ 3.0. ಅಂಕಗಳನ್ನು ಸಾಲಾಗಿ ಜೋಡಿಸಿ ನಟ್ಟನಡುವಿನದನ್ನು ತೆಗೆದರೆ ಸಿಗುವ ಮಧ್ಯಾಂಕವೂ ಎರಡಕ್ಕೂ 3. ಸರಾಸರಿ ಬೇಡ, ಮಧ್ಯಾಂಕ ಬಳಸಿ ಎಂದು ಎಲ್ಲರೂ ಬುದ್ಧಿ ಹೇಳುತ್ತಾರೆ. ಇಲ್ಲಿ ಆ ಮಧ್ಯಾಂಕವೂ ಕೈಕೊಟ್ಟಿತು. ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂದು ಹೇಳುವ ಮಾನಕ ವಿಚಲನೆ ಮಾತ್ರ ಗುಟ್ಟು ಬಿಟ್ಟುಕೊಡುತ್ತದೆ: ಮೊದಲ ಹಂತಕ್ಕೆ 0.91, ಎರಡನೆಯದಕ್ಕೆ 1.85. ಆದರೆ ಆ ಸಂಖ್ಯೆಯನ್ನು ಸಭೆಯಲ್ಲಿ ಓದಿದರೆ ಯಾರಿಗೆ ಅರ್ಥವಾಗುತ್ತದೆ? ಮೇಲಿನ ಎರಡು ಸಾಲುಗಳನ್ನು ಕಪ್ಪುಹಲಗೆಯ ಮೇಲೆ ಬರೆದರೆ ಎಲ್ಲರಿಗೂ ಅರ್ಥವಾಗುತ್ತದೆ. ಎರಡನೇ ಹಂತದಲ್ಲಿ ಮಧ್ಯಮ ಸ್ಥಿತಿಯವರು ಎರಡೇ ಮನೆ. ಉಳಿದವರಿಗೆ ನೀರು ಒಂದೋ ಇದೆ, ಇಲ್ಲವೇ ಇಲ್ಲ.

ಇಂಥ ಇಬ್ಭಾಗ ಕಂಡಾಗ ಕಾರಣ ಹುಡುಕಲು ಮನೆ ಸಂಖ್ಯೆಗಳನ್ನು ನಕ್ಷೆಯ ಮೇಲಿಡಿ. ನಮ್ಮಲ್ಲಿ ಒಂದು ಅಂಕ ಕೊಟ್ಟ ಮನೆಗಳೆಲ್ಲ ಉಬ್ಬಿನ ಮೇಲಿನ ಅಡ್ಡರಸ್ತೆಗಳಲ್ಲಿದ್ದವು. ತಗ್ಗಿನ ಮನೆಗಳ ತೊಟ್ಟಿ ತುಂಬಿ ಹರಿಯುವ ಹೊತ್ತಿಗೆ ಮೇಲಿನವರ ಕೊಳಾಯಿಯಲ್ಲಿ ಗಾಳಿಯ ಸದ್ದು ಬರುತ್ತಿತ್ತು. ಅಂಕದ ಹಾಳೆ ಹೇಳಬೇಕಾಗಿದ್ದ ಸುದ್ದಿ ಅದು. ಸರಾಸರಿ ಅದನ್ನು ನುಂಗಿಹಾಕಿತ್ತು.

ಚಿತ್ರ ಬರೆಯುವುದಾದರೆ ಒಂದು ಲಂಬ ಗೆರೆ ಎಳೆದು, ಒಪ್ಪಿದವರನ್ನು ಬಲಕ್ಕೂ ಒಪ್ಪದವರನ್ನು ಎಡಕ್ಕೂ ಚಾಚುವ ಅಡ್ಡಪಟ್ಟಿಯಾಗಿ ತೋರಿಸಿ. ನಡುವಿನವರನ್ನು ಗೆರೆಯ ಎರಡೂ ಬದಿಗೆ ಅರ್ಧರ್ಧ ಹಂಚಿ. ಪ್ರಶ್ನೆಗೊಂದು ಪಟ್ಟಿ. ವೃತ್ತ ನಕ್ಷೆ ಬೇಡ, ಅನುಕ್ರಮ ಅದರಲ್ಲಿ ಕಾಣುವುದಿಲ್ಲ.

ನಾಲ್ಕನೆಯದು: ಗುಂಪುಗಳ ಹೋಲಿಕೆ

ಎರಡು ಗುಂಪಿನ ವ್ಯತ್ಯಾಸ ನಿಜವೋ, ಇಷ್ಟೇ ಮನೆ ಕೇಳಿದ್ದರಿಂದ ಆಕಸ್ಮಿಕವಾಗಿ ಬಂದದ್ದೋ? ಇದನ್ನು ತಿಳಿಯಲು ಎರಡು ಪರೀಕ್ಷೆಗಳು ಸಾಕು. ಎರಡೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತವೆ.

ಹಂಚಿಕೆಯ ಆಕಾರವೇ ಬೇರೆಯೇ ಎಂದು ಕೇಳುವುದಾದರೆ 1900ರಲ್ಲಿ ಕಾರ್ಲ್ ಪಿಯರ್‌ಸನ್ ಕೊಟ್ಟ ಕೈ ಸ್ಕ್ವೇರ್ ಪರೀಕ್ಷೆ. ಮೇಲಿನ ಉದಾಹರಣೆಯಲ್ಲಿ ಒಂದು ಅಂಕ ಕೊಟ್ಟವರು ಒಟ್ಟು 18 ಮನೆ. ಹಂತಕ್ಕೂ ನೀರಿಗೂ ಸಂಬಂಧವೇ ಇಲ್ಲದಿದ್ದರೆ ಪ್ರತಿ ಹಂತಕ್ಕೆ 9 ಬರಬೇಕಿತ್ತು. ಬಂದದ್ದು 2 ಮತ್ತು 16. ಬಂದದ್ದಕ್ಕೂ ಬರಬೇಕಿದ್ದದ್ದಕ್ಕೂ ಇರುವ ಅಂತರ 7, ಅದರ ವರ್ಗ 49, ಅದನ್ನು 9ರಿಂದ ಭಾಗಿಸಿದರೆ 5.44. ಹೀಗೆ ಹತ್ತೂ ಚೌಕಗಳಿಗೆ ಮಾಡಿ ಕೂಡಿದರೆ ಸುಮಾರು 41 ಬರುತ್ತದೆ. ಎರಡು ಗುಂಪು, ಐದು ಅಂಕಗಳ ಕೋಷ್ಟಕಕ್ಕೆ ಶೇ. 5ರ ಮಟ್ಟದ ಗಡಿ (ವ್ಯತ್ಯಾಸವೇ ಇಲ್ಲದಿದ್ದರೆ ನೂರರಲ್ಲಿ ಐದು ಸಲ ಮಾತ್ರ ಆಕಸ್ಮಿಕವಾಗಿ ದಾಟುವ ಗಡಿ) 9.49. ನಮ್ಮದು ಅದನ್ನು ಎಷ್ಟೋ ದೂರ ದಾಟಿದೆ. ಬರಬೇಕಿದ್ದ ಸಂಖ್ಯೆ ಐದಕ್ಕಿಂತ ಕಡಿಮೆ ಇರುವ ಚೌಕಗಳು ಹೆಚ್ಚಾಗಿದ್ದರೆ ಈ ಲೆಕ್ಕ ನಂಬಬೇಡಿ.

ಒಂದು ಗುಂಪಿನವರು ಇನ್ನೊಂದಕ್ಕಿಂತ ಒಟ್ಟಾರೆ ಹೆಚ್ಚು ಅಂಕ ಕೊಡುತ್ತಾರೆಯೇ ಎಂದು ಕೇಳುವುದಾದರೆ ವಿಲ್ಕಾಕ್ಸನ್ 1945ರಲ್ಲಿ, ಮಾನ್ ಮತ್ತು ವಿಟ್ನಿ 1947ರಲ್ಲಿ ರೂಪಿಸಿದ ಪರೀಕ್ಷೆ. ಇದು ಅನುಕ್ರಮವನ್ನು ಮಾತ್ರ ನೋಡುತ್ತದೆ, ಅಂತರವನ್ನಲ್ಲ; ಹಾಗಾಗಿ ನಮ್ಮ ಮೆಟ್ಟಿಲುಗಳಿಗೆ ಹೇಳಿಮಾಡಿಸಿದಂತಿದೆ. ಕೈಯಲ್ಲೇ ಮಾಡಿ ನೋಡೋಣ. ಸ್ವಂತ ಮನೆಯ ಐವರು ಕೊಟ್ಟದ್ದು 4, 5, 4, 3, 5. ಬಾಡಿಗೆಯ ಐವರು ಕೊಟ್ಟದ್ದು 2, 3, 1, 4, 2. ಪ್ರತಿ ಮಾಲೀಕರನ್ನು ಪ್ರತಿ ಬಾಡಿಗೆದಾರರ ಎದುರು ನಿಲ್ಲಿಸಿ: ಒಟ್ಟು 25 ಜೋಡಿ. ಮಾಲೀಕರ ಅಂಕ ಹೆಚ್ಚಿದ್ದರೆ ಒಂದು, ಸಮ ಇದ್ದರೆ ಅರ್ಧ, ಕಡಿಮೆಯಿದ್ದರೆ ಸೊನ್ನೆ. ಮೊದಲ ಮಾಲೀಕರಿಗೆ 4.5, ಮುಂದಿನವರಿಗೆ 5, 4.5, 3.5, 5. ಮೊತ್ತ 22.5. ಅದನ್ನು 25ರಿಂದ ಭಾಗಿಸಿದರೆ 0.9. ಅಂದರೆ ಒಬ್ಬ ಮಾಲೀಕರನ್ನೂ ಒಬ್ಬ ಬಾಡಿಗೆದಾರರನ್ನೂ ಯಾದೃಚ್ಛಿಕವಾಗಿ ಆರಿಸಿದರೆ, ಸಮ ಬಂದವರನ್ನು ಅರ್ಧವೆಂದು ಎಣಿಸಿ, ಹತ್ತರಲ್ಲಿ ಒಂಬತ್ತು ಸಲ ಮಾಲೀಕರದೇ ಹೆಚ್ಚು. ವ್ಯತ್ಯಾಸವೇ ಇಲ್ಲದಿದ್ದರೆ ಇಷ್ಟು ಅಂತರ ಆಕಸ್ಮಿಕವಾಗಿ ಬರುವ ಸಂಭವನೀಯತೆಯನ್ನು ಹೇಳುವ ಪಿ-ಮೌಲ್ಯಕ್ಕಿಂತ ಈ 0.9 ನನಗೆ ಹೆಚ್ಚು ಇಷ್ಟ. ಓದಿದವರಿಗೆ ನೇರವಾಗಿ ತಿಳಿಯುತ್ತದೆ.

ಇಷ್ಟಾದರೂ ಅವಸರ ಬೇಡ. ಸೋತ ಬದಿಯ ಮೊತ್ತ 2.5. ಐದೈದು ಜನರ ಹೋಲಿಕೆಗೆ ಪಟ್ಟಿಯಲ್ಲಿರುವ ಗಡಿ 2. ಅಷ್ಟು ಅಥವಾ ಅದಕ್ಕಿಂತ ಕಡಿಮೆ ಬಂದರೆ ಮಾತ್ರ ಶೇ. 5ರ ಮಟ್ಟದಲ್ಲಿ ವ್ಯತ್ಯಾಸ ಇದೆ ಎನ್ನಬಹುದು. ಇಷ್ಟು ದೊಡ್ಡದಾಗಿ ಕಂಡ ಅಂತರವೂ ಹತ್ತು ಮನೆಗಳ ಬಲದ ಮೇಲೆ ಗಡಿ ದಾಟಲಿಲ್ಲ. ಇನ್ನಷ್ಟು ಮನೆ ಕೇಳಬೇಕು.

ಇನ್ನೊಂದು ಎಚ್ಚರಿಕೆ. ಮೊದಲ ಮತ್ತು ಎರಡನೇ ಹಂತದ ಉದಾಹರಣೆಗೆ ಇದೇ ಪರೀಕ್ಷೆ ಮಾಡಿದರೆ ಫಲಿತಾಂಶ ನಿಖರವಾಗಿ 0.5, ಅಂದರೆ ಯಾವ ವ್ಯತ್ಯಾಸವೂ ಇಲ್ಲ. ಒಂದು ಗುಂಪು ಎರಡು ತುದಿಗೆ ಸೀಳಿಹೋಗಿದ್ದರೆ ಈ ಪರೀಕ್ಷೆಗೆ ಕಾಣುವುದಿಲ್ಲ. ಮೊದಲು ಎಣಿಸಿ ಎಂದು ನಾನು ಪಟ್ಟು ಹಿಡಿಯುವುದು ಇದಕ್ಕೇ. ಮೂರು ಅಥವಾ ಹೆಚ್ಚು ಗುಂಪುಗಳಿದ್ದರೆ 1952ರ ಕ್ರಸ್ಕಲ್-ವಾಲಿಸ್ ಪರೀಕ್ಷೆ ಬಳಸಿ. ವಯಸ್ಸು, ಮಹಡಿ, ಬಾಡಿಗೆ ಎಲ್ಲವನ್ನೂ ಒಟ್ಟಿಗೆ ಗಣನೆಗೆ ತೆಗೆದುಕೊಳ್ಳಬೇಕಾದರೆ 1980ರಲ್ಲಿ ಪೀಟರ್ ಮೆಕಲ್ಲಾ ವಿವರಿಸಿದ ಅನುಕ್ರಮ ಹಿಂಚಲನೆಯ ಮಾದರಿ ಇದೆ; ಆರ್ ಎಂಬ ಉಚಿತ ತಂತ್ರಾಂಶದಲ್ಲಿ ಸಿಗುತ್ತದೆ. ಜಮೋವಿ, ಜಾಸ್ಪ್ ಕೂಡ ಉಚಿತವೇ, ಸಂಕೇತ ಬರೆಯುವ ಅಗತ್ಯವಿಲ್ಲ.

ಹನ್ನೆರಡು ಪ್ರಶ್ನೆಗಳನ್ನು ಮೂರು ಬಗೆಯಲ್ಲಿ ಗುಂಪು ಮಾಡಿ ಹೋಲಿಸಿದರೆ 36 ಪರೀಕ್ಷೆಗಳಾದವು. ನಿಜವಾದ ವ್ಯತ್ಯಾಸ ಒಂದೂ ಇಲ್ಲದಿದ್ದರೂ ಶೇ. 5ರ ಮಟ್ಟದಲ್ಲಿ ಸರಾಸರಿ ಎರಡರಷ್ಟು ಪರೀಕ್ಷೆಗಳು "ಇದೆ" ಎನ್ನುತ್ತವೆ. ಆದ್ದರಿಂದ ಯಾವ ಮೂರು ನಾಲ್ಕು ಹೋಲಿಕೆ ಮುಖ್ಯ ಎಂಬುದನ್ನು ಹಾಳೆ ಬಿಚ್ಚುವ ಮೊದಲೇ ಬರೆದಿಡಿ, ಅಥವಾ 0.05ನ್ನು ಪರೀಕ್ಷೆಗಳ ಸಂಖ್ಯೆಯಿಂದ ಭಾಗಿಸಿ ಗಡಿಯನ್ನು ಬಿಗಿಗೊಳಿಸಿ.

ಐದನೆಯದು: ಮೊದಲು ಮತ್ತು ನಂತರ

ಹೊಸ ಪಂಪ್ ಹಾಕಿದ ಮೇಲೆ ಅದೇ 30 ಮನೆಗಳನ್ನು ಮತ್ತೆ ಕೇಳಿದಿರಿ ಎನ್ನಿ. ಇವನ್ನು ಎರಡು ಬೇರೆ ಗುಂಪುಗಳೆಂದು ಹೋಲಿಸಬಾರದು. ಪ್ರತಿ ಮನೆಯನ್ನು ಅದರದೇ ಹಿಂದಿನ ಉತ್ತರದೊಂದಿಗೆ ಹೋಲಿಸಬೇಕು. 12 ಮನೆಗಳದು ಬದಲಾಗಿಲ್ಲ, 14ರದು ಏರಿದೆ, 4ರದು ಇಳಿದಿದೆ. ಬದಲಾಗದವರನ್ನು ಬದಿಗಿಡಿ. ಉಳಿದ 18ರಲ್ಲಿ 14 ಏರಿಕೆ. ಪಂಪಿನಿಂದ ಏನೂ ಆಗದಿದ್ದರೆ ಏರುವುದು ಇಳಿಯುವುದು ನಾಣ್ಯ ಚಿಮ್ಮಿದಂತೆ. 18 ಸಲ ಚಿಮ್ಮಿ ಒಂದೇ ಮುಖ 14 ಅಥವಾ ಹೆಚ್ಚು ಸಲ ಬೀಳುವ ಸಂಭವನೀಯತೆ, ಎರಡೂ ಮುಖ ಸೇರಿ, 0.03. ಪಂಪಿನ ನಂತರ ಸುಧಾರಣೆ ಆಗಿದೆ ಎನ್ನಲು ಸಾಕಷ್ಟು ಆಧಾರ ಇದು. ಆದರೆ ನಡುವೆ ಮಳೆಗಾಲ ಬಂದಿದ್ದರೆ ಶ್ರೇಯಸ್ಸು ಪಂಪಿಗೋ ಮಳೆಗೋ ಎಂಬುದನ್ನು ಈ ಲೆಕ್ಕ ಹೇಳುವುದಿಲ್ಲ. 2024ರ ಬೇಸಿಗೆಯ ನೀರಿನ ಪರದಾಟ ನೋಡಿದ ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎರಡೂ ಸಲ ಒಂದೇ ಋತುವಿನಲ್ಲಿ ಕೇಳಿ.

ಆರನೆಯದು: ಹಲವು ಪ್ರಶ್ನೆಗಳನ್ನು ಕೂಡುವುದು

ನೀರಿನ ಬಗ್ಗೆಯೇ ನಾಲ್ಕು ಹೇಳಿಕೆಗಳಿದ್ದರೆ ಅವನ್ನು ಕೂಡಿ ಒಂದು ಅಂಕ ಮಾಡಬಹುದು. ಲಿಕರ್ಟ್ ಮಾಡಿದ್ದು ಇದನ್ನೇ. ಕೂಡುವ ಮೊದಲು ನಾಲ್ಕೂ ಒಂದೇ ವಿಷಯವನ್ನು ಅಳೆಯುತ್ತಿವೆಯೇ ಎಂದು ನೋಡಲು 1951ರಲ್ಲಿ ಕ್ರಾನ್‌ಬ್ಯಾಕ್ ಮುಂದಿಟ್ಟ ಆಲ್ಫಾ ಬಳಸುತ್ತಾರೆ. ಪ್ರತಿ ಪ್ರಶ್ನೆಯ ಅಂಕಗಳ ಮಾನಕ ವಿಚಲನೆಯ ವರ್ಗ ತೆಗೆಯಿರಿ: 1.0, 1.2, 0.9, 1.1 ಎನ್ನೋಣ, ಮೊತ್ತ 4.2. ನಾಲ್ಕನ್ನೂ ಕೂಡಿದ ಅಂಕದ ಮಾನಕ ವಿಚಲನೆಯ ವರ್ಗ 10.5. 4.2ನ್ನು 10.5ರಿಂದ ಭಾಗಿಸಿದರೆ 0.4, ಒಂದರಿಂದ ಕಳೆದರೆ 0.6, ಅದನ್ನು ಮೂರನೇ ನಾಲ್ಕರಿಂದ, ಅಂದರೆ ಪ್ರಶ್ನೆಗಳ ಸಂಖ್ಯೆಯಾದ 4ರಿಂದ ಗುಣಿಸಿ ಅದಕ್ಕಿಂತ ಒಂದು ಕಡಿಮೆಯಾದ 3ರಿಂದ ಭಾಗಿಸಿದರೆ 0.8. ರೂಢಿಯಲ್ಲಿ 0.7 ದಾಟಿದರೆ ಸಾಕು ಎನ್ನುತ್ತಾರೆ. ತೀರ ಕಡಿಮೆ ಬಂದರೆ, ಅಥವಾ ಋಣ ಸಂಖ್ಯೆ ಬಂದರೆ, ಉಲ್ಟಾ ಹೇಳಿಕೆಯನ್ನು ತಿರುಗಿಸಲು ಮರೆತಿದ್ದೀರಾ ಎಂದು ಮೊದಲು ನೋಡಿ.

ಹೀಗೆ ಕೂಡಿದ ಅಂಕಕ್ಕೆ ಸರಾಸರಿ ತೆಗೆಯಬಹುದೇ? ಈ ಜಗಳ ಸ್ಟೀವನ್ಸ್ ಕಾಲದಿಂದಲೂ ಇದೆ. ಸರಾಸರಿಯನ್ನು ಆಧರಿಸಿದ ಸಾಮಾನ್ಯ ಪರೀಕ್ಷೆಗಳು ಇಂಥ ಅಂಕಗಳನ್ನು ಸಾಕಷ್ಟು ತಾಳಿಕೊಳ್ಳುತ್ತವೆ ಎಂದು ಜೆಫ್ ನಾರ್ಮನ್ 2010ರಲ್ಲಿ ಬಲವಾಗಿ ವಾದಿಸಿದರು. ನನ್ನ ನಿಲುವು: ಹಲವು ಪ್ರಶ್ನೆಗಳ ಮೊತ್ತಕ್ಕೆ ಧಾರಾಳವಾಗಿ ತೆಗೆಯಿರಿ. ಒಂದೇ ಪ್ರಶ್ನೆಗಾದರೆ, ಎಣಿಕೆಯ ಸಾಲನ್ನು ಪಕ್ಕದಲ್ಲಿ ಇಡದೆ ಸರಾಸರಿಯನ್ನು ಪ್ರಕಟಿಸಬೇಡಿ.

ಕೊನೆಯದಾಗಿ ವರದಿ

ಬೆಂಗಳೂರಿನಲ್ಲಿ ನಾಗರಿಕರ ಅಂಕಪಟ್ಟಿಗೆ ಒಂದು ಪರಂಪರೆಯೇ ಇದೆ. ಸ್ಯಾಮ್ಯುಯಲ್ ಪಾಲ್ ಅವರ ಮುಂದಾಳತ್ವದಲ್ಲಿ 1994ರಲ್ಲಿ ಸಾರ್ವಜನಿಕ ಸೇವೆಗಳಿಗೆ ನಾಗರಿಕರು ಕೊಟ್ಟ ಅಂಕಗಳು ಪ್ರಕಟವಾದವು. ಅವರೇ ಸ್ಥಾಪಿಸಿದ ಪಬ್ಲಿಕ್ ಅಫೇರ್ಸ್ ಸೆಂಟರ್ 1999 ಮತ್ತು 2003ರಲ್ಲಿ ಮತ್ತೆ ಸಮೀಕ್ಷೆ ಮಾಡಿತು. ಒಮ್ಮೆ ಕೇಳಿ ಬಿಡದೆ ಮತ್ತೆ ಮತ್ತೆ ಕೇಳಿದ್ದರಿಂದಲೇ ಹೋಲಿಕೆ ಸಾಧ್ಯವಾಯಿತು. ನಿಮ್ಮ ಪ್ರಶ್ನೆಗಳ ಮಾತನ್ನೂ ಮುಂದಿನ ವರ್ಷಕ್ಕೆ ಒಂದಕ್ಷರ ಬದಲಿಸದೆ ಇಟ್ಟುಕೊಳ್ಳಿ.

ವರದಿಯಲ್ಲಿ ಎಷ್ಟು ಮನೆಗಳಿವೆ, ಎಷ್ಟನ್ನು ಕೇಳಿದಿರಿ, ಎಷ್ಟು ಉತ್ತರ ಬಂತು ಎಂದು ಮೊದಲ ಸಾಲಿನಲ್ಲೇ ಬರೆಯಿರಿ. ಚೀಟಿ ಎತ್ತಿ ಆರಿಸಿದ 100 ಮನೆಗಳಲ್ಲಿ ಶೇ. 40 ಮಂದಿ ಒಪ್ಪಿದ್ದರೆ, ಹೆಚ್ಚುಕಡಿಮೆ ಹತ್ತು ಅಂಶ ಅತ್ತಿತ್ತ ಇರಬಹುದು, ಅಂದರೆ 30ರಿಂದ 50. ಅದನ್ನು ಅರ್ಧಕ್ಕೆ ಇಳಿಸಲು ನಾಲ್ಕು ಪಟ್ಟು ಮನೆ ಬೇಕು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೊಂಡಿ ಕಳಿಸಿ ಇಷ್ಟಬಂದವರು ತುಂಬಿದ್ದಾದರೆ ಈ ಅತ್ತಿತ್ತದ ಲೆಕ್ಕ ಹಾಕಲೇಬೇಡಿ, ಅದು ಅನ್ವಯಿಸುವುದಿಲ್ಲ. ಆ ಗುಂಪಿನಲ್ಲಿ ಕಾವಲುಗಾರರ ಮನೆಯವರಿಲ್ಲ, ಔಟ್‌ಹೌಸಿನಲ್ಲಿ ಬಾಡಿಗೆಗಿರುವವರಿಲ್ಲ, ಮೊದಲೇ ಹೇಳಿದ ಅಜ್ಜಿಯೂ ಇಲ್ಲ. ಯಾರ ಉತ್ತರ ಬಂದಿಲ್ಲ ಎಂಬುದನ್ನು ಹೆಸರಿಟ್ಟಲ್ಲದಿದ್ದರೂ ಬಗೆಯಾಗಿಯಾದರೂ ಬರೆಯಿರಿ.

ಕಡತದಿಂದ ಫೋನ್ ಸಂಖ್ಯೆಗಳನ್ನೂ ಮನೆ ಸಂಖ್ಯೆಗಳನ್ನೂ ತೆಗೆದು, ಹಂತದ ಮಟ್ಟಕ್ಕೆ ಒಟ್ಟುಗೂಡಿಸಿದ ಎಣಿಕೆಯನ್ನು ಉದ್ಯಾನದ ಗೇಟಿನ ಪಕ್ಕದ ಸೂಚನಾ ಫಲಕಕ್ಕೆ ಅಂಟಿಸಿ. ನಮ್ಮಲ್ಲಿ ಹಾಗೆ ಅಂಟಿಸಿದ ದಿನ ಬೆಳಿಗ್ಗೆ ವಾಯುವಿಹಾರಕ್ಕೆ ಬಂದ ತಗ್ಗಿನ ರಸ್ತೆಯವರು ಆ ಎರಡು ಸಾಲಿನ ಮುಂದೆ ನಿಂತು, ಒಂದು ಅಂಕ ಕೊಟ್ಟ ಮನೆಗಳ ಎಣಿಕೆಯ ಮೇಲೆ ಬೆರಳಿಟ್ಟು, "ಇವರು ಯಾವ ರಸ್ತೆಯವರು?" ಎಂದು ಕೇಳಿದರು.